ಅಜ್ಜಿಯ ಗೂನು, ಪೈಲ್ವಾನನ ಕೋಟು

"ಮೇಷ್ಟ್ರೇ, ಅಜ್ಜಿ ಗೂನು ಅಳಿಸಿಬಿಡ್ಲಾ?" ಅಂತ ವೈಜಯಂತಿ ಕೇಳಿದ್ಲು.

ಅಜ್ಜಿ ಅಂದ್ರೆ ಕಂಪ್ಯೂಟರಿನ ಬೊಂಬೆ. ವೈಜಯಂತಿನೇ ಮಾಡಿದ್ದು. ಬಾಗಿದ ಬೆನ್ನು, ಒಂದು ಕಡೆ ವಾಲಿದ ನಡಿಗೆ. ನೋಡಿದೋರೆಲ್ಲ "ಅಯ್ಯೋ, ನಮ್ಮಜ್ಜಿ" ಅಂದಿದ್ರು. ಸೀರೆ ಉಡಿಸಿದ ಮೇಲೆ ಶುರುವಾಯ್ತು ಪೀಕಲಾಟ. ಅಜ್ಜಿ ಹೆಜ್ಜೆ ಇಟ್ಟರೆ ಸಾಕು, ಗೂನು ಸೀರೆನ ತೂರಿಕೊಂಡು ಹೊರಗೆ ಇಣುಕೋದು. ನಾಳೆ ಸಿನಿಮಾದೋರು ನೋಡೋಕೆ ಬರ್ತಾರೆ. ಇಣುಕಿದ್ದು ಕಂಡರೆ ಅಜ್ಜಿ ಮಾಡೋ ಕೆಲಸ ಬೇರೆಯೋರ ಪಾಲು. ಸೀರೆ ಬಿಚ್ಚಿ, ಆ ಬೆನ್ನಿಗೆ ಒಪ್ಪೋ ಹಾಗೆ ಮೊದಲಿಂದ ಉಡಿಸೋಣ ಅಂದ್ರೆ ರಾತ್ರಿಯೆಲ್ಲ ಕೂತ ಜಾಗದಿಂದ ಏಳೋ ಹಾಗಿಲ್ಲ. ಸೀರೆಯೊಳಗಿನ ಮೈ ಅಳಿಸೋದಾದ್ರೆ ಒಂದು ಗುಂಡಿ ಒತ್ತಿದರಾಯ್ತು.

"ಹೀಗೇ ಇಣುಕ್ತಿದ್ದ ಮಂಡಿ, ಸೊಂಟ ಆಗಲೇ ಅಳಿಸಾಯ್ತು ಮೇಷ್ಟ್ರೇ. ಒಳಗಿರೋದು ಯಾರಿಗೆ ಕಾಣುತ್ತೆ?"

ಈ ವಿದ್ಯೆ ಕಲಿಸಿದ ತಮ್ಮಣ್ಣ ಮೇಷ್ಟ್ರು ಎಲೆ ಮಡಿಸಿ ಬಾಯಿಗಿಟ್ಟುಕೊಂಡ್ರು.

"ಒಂದು ಕತೆ ಹೇಳ್ತೀನಿ. ಈ ಸಲ ಒಂದಕ್ಷರ ಸುಳ್ಳಿಲ್ಲ. ಸುಳ್ಳಾದ್ರೆ ಈ ಎಲೆ ಬಾಯಲ್ಲೇ ಬೇರು ಬಿಡಲಿ."

"ಹೋದ ಸಲವೂ ಹೀಗೇ ಅಂದಿದ್ರಿ."

"ಅದು ಹೋದ ಸಲ. ಕೇಳು. ಒಬ್ಬ ದರ್ಜಿ ಇದ್ದ. ಹೊಲಿಗೆಯಲ್ಲಿ ಎತ್ತಿದ ಕೈ. ಆದ್ರೆ ಒಂದು ಸಲ ಹಾಕಿದ ಹೊಲಿಗೆ ಬಿಚ್ಚು ಅಂದ್ರೆ ಪ್ರಾಣ ಹೋದ ಹಾಗೆ ಆಡೋನು. ಅವನ ಹತ್ತಿರ ಒಬ್ಬ ಪೈಲ್ವಾನ ತನ್ನ ಮದುವೆಗೆ ಕೋಟು ಹೊಲಿಸಿದ. ಪೈಲ್ವಾನ ಅಂದ್ರೆ ಎಂಥೋನು, ಗಾಡಿ ಹಿಂದೆ ಕೂತರೆ ಮುಂದೆ ಎತ್ತುಗಳು ಗಾಳಿಯಲ್ಲಿ ಕಾಲಾಡಿಸೋವು. ಎತ್ತುಗಳನ್ನ ನಾನೇ ಹಗ್ಗ ಹಿಡಿದು ಕೆಳಗಿಳಿಸಿದೀನಿ. ಕೋಟು ತೊಟ್ಟು ನೋಡ್ತಾನೆ, ಹೊಟ್ಟೆ ಹೊರಗೇ ನಿಂತಿದೆ. 'ಹೊಲಿಗೆ ಒಂದಿಷ್ಟು ಬಿಡಿಸಪ್ಪ' ಅಂದ. ದರ್ಜಿ ಅಂದ, 'ಕೋಟು ಸರಿಯಾಗೇ ಇದೆ, ಹೊಟ್ಟೇನೇ ತಪ್ಪು.'

ಪಕ್ಕದ ಬಡಗಿ ಹತ್ತಿರ ಮರ ಹೆರೆಯೋ ಉಜ್ಜುಗೊರಡು ಇಸ್ಕೊಂಡು ಬಂದ. ಹೊಟ್ಟೆನ ನಯವಾಗಿ ಹೆರೆದ. ಪೈಲ್ವಾನ ತಾನೇ ಹೊಟ್ಟೆ ಮುಂದೊಡ್ಡಿ ನಿಂತ, ಕೋಟಿನ ಮೇಲೆ ಅಷ್ಟು ಆಸೆ. ಹೊಟ್ಟೆ ಒಳಗೆ ಹೋಯ್ತು, ತೋಳು ಎದ್ದು ಕಂಡಿತು. ತೋಳು ಹೆರೆದ. ಭುಜ ಚುಚ್ಚಿತು. ಭುಜಾನೂ ಹೆರೆದ. ಹೆರೆದ ಸಿಪ್ಪೆ ಗುಡಿಸಿ ಗುಡಿಸಿ ದರ್ಜಿ ಹೆಂಡತಿಗೆ ಸೊಂಟ ಹಿಡ್ಕೊಂಡ್ತು. ಸಂಜೆ ಹೊತ್ತಿಗೆ ಕೋಟು ನೋಡಬೇಕಿತ್ತು ನೀನು. ಒಂದು ಸುಕ್ಕಿಲ್ಲ, ಎಲ್ಲೂ ಒಂದೆಳೆ ಬಿಗಿಯಿಲ್ಲ. ಒಳಗೆ ಪೈಲ್ವಾನನೂ ಇಲ್ಲ, ಪೂರ್ತಿ ಖಾಲಿ. ಆಗ ಪೈಲ್ವಾನ ಕನ್ನಡಿ ಮುಂದೆ ಅತ್ತ ಇತ್ತ ತಿರುಗಿ ನೋಡ್ಕೊಂಡು, 'ಭೇಷ್, ಈಗ ಕೂತ್ಕೊಂಡ್ತು ನೋಡು' ಅಂತ ದರ್ಜಿ ಬೆನ್ನು ತಟ್ಟಿದ."

ವೈಜಯಂತಿಗೆ ನಗು ತಡೆಯೋಕಾಗಲಿಲ್ಲ. "ಸಿಕ್ಕಿಬಿದ್ರಿ ಮೇಷ್ಟ್ರೇ. ಕೋಟು ಖಾಲಿ ಅಂತ ಈಗ ತಾನೇ ಅಂದ್ರಿ. ಮತ್ತೆ ಭೇಷ್ ಅಂದೋರು ಯಾರು?"

ಮೇಷ್ಟ್ರು ತೆರೆಯ ಮೇಲಿನ ಅಜ್ಜಿ ಕಡೆ ತಿರುಗಿದ್ರು.

"ಗೂನು ಅಳಿಸಿದ ಮೇಲೆ ಆ ಸೀರೆಯೊಳಗೆ ನಡೆಯೋರು ಯಾರು ಅಂತ ನೀನು ಹೇಳು, ಭೇಷ್ ಅಂದೋರು ಯಾರು ಅಂತ ನಾನು ಹೇಳ್ತೀನಿ."