ಕರ್ಪೂರದ ವಾಸನೆಯ ಚಹ

ಮಾತೋಶ್ರೀ ಮರಿಬಸಮ್ಮನವರು ತಮ್ಮ ಕೊನೆಯ ಹನ್ನೆರಡು ವರ್ಷಗಳನ್ನು ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ದಾರಿಯ ಪಕ್ಕದ ಒಂದು ಪಾಳುಮಂಟಪದಲ್ಲಿ ಕಳೆದರು. ಮಂಟಪಕ್ಕೆ ಒತ್ತಿ ಭಕ್ತರು ಹಾಕಿಕೊಟ್ಟ ತಗಡಿನ ಮಾಡೇ ಅವರ ಅಡುಗೆಮನೆ, ಅದೇ ಪೂಜೆಯ ಜಾಗ. ಉಪದೇಶ ಮಾಡುವ ಪದ್ಧತಿ ಅವರದಲ್ಲ. ಕೂಲಿಗೆ ಹೊರಟ ಹೆಂಗಸು ಬರಲಿ, ಲಾರಿ ನಿಲ್ಲಿಸಿದ ಚಾಲಕ ಬರಲಿ, ತಮ್ಮ ಕೈಯಾರೆ ಒಂದು ಲೋಟ ಚಹ ಕಾಸಿಕೊಟ್ಟು ಎದುರಿಗೆ ಕುಳಿತು ಅವರ ಮಾತು ಕೇಳುತ್ತಿದ್ದರು. ಅಷ್ಟರಿಂದಲೇ ಎಷ್ಟೋ ಮಂದಿಯ ಎದೆಯ ಭಾರ ಇಳಿದದ್ದುಂಟು. ಚನ್ನಮಲ್ಲಪ್ಪನ ಭಾರ ಮಾತ್ರ ಅಷ್ಟು ಸುಲಭವಾಗಿ ಇಳಿಯುವಂಥದ್ದಾಗಿರಲಿಲ್ಲ.

ಚನ್ನಮಲ್ಲಪ್ಪ ನೀಲಗಿರಿಯ ಒಂದು ಚಹ ಕಾರ್ಖಾನೆಯಲ್ಲಿ ಮೂವತ್ತು ವರ್ಷ ರುಚಿ ನೋಡುವ ಕೆಲಸ ಮಾಡಿದವನು. ಒಂದು ಗುಟುಕು ನಾಲಿಗೆಯ ಮೇಲೆ ಹೊರಳಿಸಿದರೆ ಸಾಕು, ಎಲೆ ಮಳೆಗೆ ಮುಂಚೆ ಕೊಯ್ದದ್ದೋ ಆಮೇಲಿನದೋ, ಎಷ್ಟು ದಿನ ಗಾಳಿಗೆ ತೆರೆದಿತ್ತೋ ಹೇಳಿಬಿಡುತ್ತಿದ್ದನು. ನಿವೃತ್ತನಾಗಿ ಊರಿಗೆ ಬಂದ ಮೇಲೆ ಆ ನಾಲಿಗೆಯ ದರ್ಬಾರು ಮನೆಯಲ್ಲಿ ನಡೆಯತೊಡಗಿತು. ಒಬ್ಬಳೇ ಮಗಳು ದಾಕ್ಷಾಯಿಣಿ ದಿನವೂ ಎರಡು ಹೊತ್ತು ಅಪ್ಪನಿಗೆ ಚಹ ಮಾಡಿಕೊಡುತ್ತಿದ್ದಳು. ಅವನು ದಿನವೂ ಅದರಲ್ಲೊಂದು ತಪ್ಪು ಹುಡುಕುತ್ತಿದ್ದನು.

ಒಂದು ಕಾರ್ತಿಕದಲ್ಲಿ ಮಗಳು ಮೂರೇ ದಿನದ ಜ್ವರಕ್ಕೆ ತೀರಿಕೊಂಡಳು. ಅಂದಿನಿಂದ ಚನ್ನಮಲ್ಲಪ್ಪ ಚಹ ಮುಟ್ಟಲಿಲ್ಲ. ದುಃಖಕ್ಕೆ ಬಿಟ್ಟಿದ್ದಾನೆಂದು ಊರವರು ತಿಳಿದರು. ಹೆಂಡತಿ ಚಿಕ್ಕತಾಯಮ್ಮನೂ ಹಾಗೆಯೇ ತಿಳಿದಳು. ಮನೆಯಲ್ಲಿ ಮಗಳ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಚಿಕ್ಕತಾಯಮ್ಮ ಸೋಮವಾರಕ್ಕೊಮ್ಮೆ ಮಾತೋಶ್ರೀಯವರ ಬಳಿಗೆ ಹೋಗಿ ಅತ್ತು ಬರುತ್ತಿದ್ದಳು. ಅವನು ಯಾರ ಮುಂದೆಯೂ ಅಳಲಿಲ್ಲ.

ಒಂದು ಸೋಮವಾರ ಮಂಡಿನೋವಿನಿಂದ ಅವಳಿಗೆ ಬಸ್ಸು ಹತ್ತಲಾಗದೆ ಅವನೇ ಕೈಹಿಡಿದು ಕರೆತರಬೇಕಾಯಿತು. ಹೋದ ಮಗಳನ್ನು ತಂದುಕೊಡುವುದಾದರೆ ತಾನೂ ಅಡ್ಡಬೀಳುವೆನೆಂದು ದಾರಿಯುದ್ದಕ್ಕೂ ಗೊಣಗಿಕೊಂಡೇ ಬಂದನು. ಮಂಟಪದಲ್ಲಿ ಕಂಬಕ್ಕೊರಗಿ ದೂರವೇ ನಿಂತನು. ಮಾತೋಶ್ರೀಯವರು ಚಹಕ್ಕೆ ಕರೆದರು. ತಾನು ಬಿಟ್ಟಿದ್ದೇನೆ ಎಂದನು. ಅವರು ಒತ್ತಾಯಿಸಲಿಲ್ಲ.

"ಹಾಗಾದರೆ ನನಗೆ ಮಾಡಿಕೊಡಿ ಅಪ್ಪಾ. ಇವತ್ತು ಕೈ ನಡುಗುತ್ತಿದೆ" ಎಂದರು.

ವಯಸ್ಸಾದವರ ಮಾತು ತೆಗೆದುಹಾಕಲಾರದೆ ಅವನು ಒಲೆಯ ಬಳಿಗೆ ಹೋದನು. ಚಹದ ಎಲೆ ಗಾಜಿನ ಬಾಟಲಿಯಲ್ಲಿ, ಕಿಟಕಿಯ ಬಿಸಿಲಿನಲ್ಲಿತ್ತು. ಮುಚ್ಚಳ ಸಡಿಲ. ಪಕ್ಕದಲ್ಲೇ ಕರ್ಪೂರದ ಪೊಟ್ಟಣ. ಮೂವತ್ತು ವರ್ಷದ ಅಭ್ಯಾಸ ಅವನನ್ನು ಸುಮ್ಮನಿರಗೊಡಲಿಲ್ಲ. ಎಲೆಗೆ ಬೆಳಕು ಆಗದು, ತೇವ ಆಗದು, ಬಿಗಿಯಾದ ತಗಡಿನ ಡಬ್ಬಿಯಲ್ಲಿ ಕತ್ತಲಲ್ಲಿಡಬೇಕು, ಪಕ್ಕದಲ್ಲಿ ಏನಿದ್ದರೂ ಅದರ ವಾಸನೆಯನ್ನು ಎಳೆದುಕೊಂಡುಬಿಡುತ್ತದೆ, ಒದ್ದೆ ಚಮಚ ಹಾಕಲೇಬಾರದು ಎಂದು ಹೇಳುತ್ತಾ ಹೋದನು. ನೀರು ಮರಳಿದ ಕೂಡಲೇ ಇಳಿಸಿ, ಎಲೆ ಹಾಕಿ, ತಟ್ಟೆ ಮುಚ್ಚಿದನು. ನಾಲ್ಕು ನಿಮಿಷ ಕಲಕದೆ ಬಿಡಬೇಕೆಂದನು. ಹಾಲನ್ನು ಬೇರೆಯೇ ಕಾಸಿದನು. ಮಾತೋಶ್ರೀಯವರು ಪಾಠ ಕೇಳುವವರಂತೆ ತಲೆದೂಗುತ್ತಾ ಕುಳಿತಿದ್ದರು.

"ಮನೆಯಲ್ಲಿ ಇದನ್ನೆಲ್ಲ ಯಾರಿಗೆ ಹೇಳಿಕೊಟ್ಟಿದ್ದಿರಿ?" ಎಂದು ಕೇಳಿದರು.

"ಮಗಳಿಗೆ."

"ಕಲಿತಿದ್ದಳಾ?"

ಚನ್ನಮಲ್ಲಪ್ಪನ ಕೈ ತಟ್ಟೆಯ ಮೇಲೆಯೇ ನಿಂತಿತು. ಯಾರ ಮುಖವನ್ನೂ ನೋಡದೆ, ಎಂಟು ತಿಂಗಳು ಬಚ್ಚಿಟ್ಟಿದ್ದನ್ನು ಹೇಳಿದನು. ಜ್ವರ ಏರಿದ ದಿನ ಬೆಳಿಗ್ಗೆ, ಚಿಕ್ಕತಾಯಮ್ಮ ಹೊಲಕ್ಕೆ ಹೋಗಿದ್ದಾಗ, ಮಗಳು ಚಹ ತಂದುಕೊಟ್ಟಿದ್ದಳು. ಎಲೆಗೆ ಇಂಗಿನ ವಾಸನೆ ಹತ್ತಿತ್ತು. ಮೂಗು ಕಟ್ಟಿದ್ದವಳಿಗೆ ಅದು ತಿಳಿದಿರಲಿಲ್ಲ. ಅವನು ಒಂದು ಗುಟುಕು ಕುಡಿದು, ಅವಳೆದುರಿಗೇ ಲೋಟವನ್ನು ಅಂಗಳಕ್ಕೆ ಚೆಲ್ಲಿ, ಇಷ್ಟು ವರ್ಷ ಹೇಳಿಕೊಟ್ಟದ್ದು ದಂಡ ಎಂದಿದ್ದನು. ಅವಳು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಸಂಜೆಗೆ ಅವಳಿಗೆ ಎಚ್ಚರ ತಪ್ಪಿತು.

"ಹಣೆ ಮುಟ್ಟಿ ನೋಡಲಿಲ್ಲ ತಾಯಿ. ಟೀ ನೋಡಿದೆ, ಅವಳ ಮುಖ ನೋಡಲಿಲ್ಲ."

ಚಿಕ್ಕತಾಯಮ್ಮ ಇದನ್ನು ಕೇಳಿದ್ದು ಅದೇ ಮೊದಲು. ಅವಳು ಮೆಲ್ಲನೆ ಎದ್ದು, ಗೋಡೆ ಹಿಡಿದುಕೊಂಡು ಹೊರಗೆ ಹೋದಳು.

ಮಾತೋಶ್ರೀಯವರು ಅವನನ್ನು ಸಮಾಧಾನಪಡಿಸಲಿಲ್ಲ. ತಾವೇ ಚಹ ಸೋಸಿ, ಹಾಲು ಬೆರೆಸಿ, ಕುಡಿಯತೊಡಗಿದರು. ಕರ್ಪೂರದ ವಾಸನೆ ಅವನಿದ್ದಲ್ಲಿಗೇ ಬರುತ್ತಿತ್ತು. ಎಲೆ ಕೆಟ್ಟಿದೆ, ಕುಡಿಯುವಂತಿಲ್ಲ, ಚೆಲ್ಲಿಬಿಡಿ ಎಂದು ಅವನು ಬೇಡಿಕೊಂಡನು.

ಅವರು ಕಣ್ಣೆತ್ತಿ ಅವನನ್ನು ನೋಡಿದರು.

"ನೀವು ಮಾಡಿಕೊಟ್ಟದ್ದು ಅಪ್ಪಾ. ಹೇಗೆ ಚೆಲ್ಲಲಿ?"

ಹಾಗೆಂದು ಕೊನೆಯ ಹನಿಯವರೆಗೂ ಕುಡಿದು ಲೋಟವನ್ನು ಕೆಳಗಿಟ್ಟರು. ಅಡ್ಡಬೀಳಲಾರೆನೆಂದು ಬಂದವನು ಆ ಮಣ್ಣಿನ ನೆಲದ ಮೇಲೆ ಬೋರಲು ಬಿದ್ದು ಅತ್ತನು. ಅವರು ಅವನ ತಲೆಯ ಮೇಲೆ ಕೈಯಿಟ್ಟು, ಅಳು ತಾನಾಗಿ ನಿಲ್ಲುವವರೆಗೂ ತೆಗೆಯಲಿಲ್ಲ. ಆಮೇಲೆ ಇನ್ನೊಂದು ಲೋಟಕ್ಕೆ ಚಹ ಬಗ್ಗಿಸಿ, ಅವನ ಕೈಗೆ ಕೊಟ್ಟು, ಹೊರಗಿನ ಕಡೆ ತೋರಿಸಿದರು.

ಚಿಕ್ಕತಾಯಮ್ಮ ಮಂಟಪದ ಮೆಟ್ಟಿಲ ಮೇಲೆ ಕುಳಿತಿದ್ದಳು. ಅವನು ಲೋಟವನ್ನು ಅವಳ ಪಕ್ಕದಲ್ಲಿಟ್ಟು ಒಂದು ಮೆಟ್ಟಿಲು ಕೆಳಗೆ ಕುಳಿತನು. ಅವಳು ಅವನನ್ನು ನೋಡಲಿಲ್ಲ. ಚಹ ಆರಿ ಕೆನೆಗಟ್ಟಿತು. ಎರಡು ಬಸ್ಸು ಹೋದವು. ಕ್ಷಮಿಸು ಎನ್ನುವ ಧೈರ್ಯ ಅವನಿಗಿರಲಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದಿದ್ದ ಒಂದು ಮಾತನ್ನು ಮಾತ್ರ ಕೇಳಿದನು.

"ದಾಕ್ಷಾಯಿಣಿ ಮಾಡೋ ಟೀ ನಿಂಗೆ ಹೇಗನ್ನಿಸ್ತಿತ್ತು?"

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ನನ್ನ ಲೋಟಕ್ಕೆ ಒಂದು ಚೂರು ಬೆಲ್ಲ ಹಾಕೋಳು" ಎಂದಳು. "ಅಪ್ಪಂಗೆ ಹೇಳ್ಬೇಡ ಕಣವ್ವ, ಬಯ್ತಾರೆ ಅನ್ನೋಳು."

ಅವನು ಅವಳ ಕೈ ಹಿಡಿದನು, ಅವಳು ಬಿಡಿಸಿಕೊಳ್ಳಲಿಲ್ಲ. ಕತ್ತಲಾಗುವವರೆಗೆ ಇಬ್ಬರೂ ಆ ಮೆಟ್ಟಿಲ ಮೇಲೆ ಮಗಳ ಮಾತನ್ನೇ ಆಡಿದರೆಂದು, ಒಳಗೆ ಮಾತೋಶ್ರೀಯವರು ದೀಪ ಹಚ್ಚಿಟ್ಟು ಅದನ್ನು ಕೇಳುತ್ತಾ ಕುಳಿತಿದ್ದರೆಂದು ಕಂಡವರು ಹೇಳುತ್ತಾರೆ.