ಲಾಯದ ಬಾಗಿಲಲ್ಲಿ ಹೇಸರಗತ್ತೆ

ದೇವರ ಸೇವೆಯ ಆಸೆಯಿಂದ ಹೇಸರಗತ್ತೆಯೊಂದು ದೇವಸ್ಥಾನದ ಕುದುರೆಲಾಯಕ್ಕೆ ಬಂತು. ಜೊತೆಗೆ ಬಂದ ತಂದೆ ಕತ್ತೆ, ತನ್ನಿಂದ ಮಗನಿಗೆ ಜಾಗ ತಪ್ಪೀತೆಂದು ಗೋಡೆಯಾಚೆ ಬಾಯಿ ಬಿಗಿಹಿಡಿದು ನಿಂತಿತು.

"ಆ ಕಿವಿ ಯಾರ ಕಡೆಯದಯ್ಯಾ?" ಎಂದು ಕಿಚಾಯಿಸಿದ ಕುದುರೆಗಳು ಅದರ ಬಾಲದ ಕೂದಲನ್ನು ಲಾಯದ ವಂಶ ಪತ್ತೆಹಚ್ಚುವ ಕಂಪ್ಯೂಟರಿಗೆ ಕೊಟ್ಟವು. ಹೇಸರಗತ್ತೆ "ಭಗವಂತಾ, ಮಾನ ಕಾಪಾಡಪ್ಪಾ" ಎಂದು ಕಣ್ಣು ಮುಚ್ಚಿತು.

"ತಾಯಿ, ಅಜ್ಜಿ, ಮುತ್ತಜ್ಜಿ, ಎಲ್ಲರೂ ಕುದುರೆಗಳೇ," ಎಂದಿತು ಕಂಪ್ಯೂಟರ್. "ನಾನು ಓದುವ ಡಿಎನ್‌ಎ ತಾಯಿಯಿಂದಷ್ಟೇ ಬರುವುದು. ತಂದೆ ನನಗೆ ಕಾಣುವುದಿಲ್ಲ."

"ಕಾಣದವನು ಇಲ್ಲವೆಂದೇ ಲೆಕ್ಕ. ಒಳಗೆ ಬಾರಪ್ಪಾ!" ಎಂದವು ಕುದುರೆಗಳು.

ಕೇಳಿದ್ದನ್ನು ದೇವರು ಕೊಟ್ಟಿದ್ದ. ಆದರೂ ಹೇಸರಗತ್ತೆಗೆ ಹೊಸ್ತಿಲು ದಾಟಲು ಕಾಲೇಳಲಿಲ್ಲ. ಗೋಡೆಯತ್ತ ತಿರುಗಿ, ಲಾಯಕ್ಕೆಲ್ಲ ಕೇಳುವಂತೆ ಕೂಗಿತು: "ಅಪ್ಪಾ, ಈಚೆ ಬಾ. ಇವರಿಗೆ ನೀನು ಕಾಣುತ್ತಿಲ್ಲವಂತೆ."