ಕಾಲುಳ್ಳ ಚೀಲ

"ಉಸ್ತಾದ್ರೇ, ಹುಡುಗ್ರ ಮೇಲೆ ಎಷ್ಟು ಭಾರ ಹಾಕುದ್ರೆ ಅವ್ರು ಗಟ್ಟಿಯಾಗಿ ನಿಲ್ತಾರೆ?"

ಹೀಗೆ ಕೇಳಿದವನು ಚೌಡನಾಯಕ. ಮೈಸೂರಿನಲ್ಲಿ ಕೆಂಪನಂಜಯ್ಯ ಉಸ್ತಾದರ ಗರಡಿಯ ಮಣ್ಣಿನಲ್ಲಿ ಹದಿನಾಲ್ಕು ವರ್ಷ ಹೊರಳಿ ಪೈಲ್ವಾನನಾದವನು. ಊರಿನ ಇನ್ನೊಂದು ತುದಿಯಲ್ಲಿ ಅವನು ತನ್ನದೇ ಗರಡಿ ತೆರೆದು ಮೂರು ತಿಂಗಳಾಗಿತ್ತು. ಮೊದಲ ದಿನ ಇಪ್ಪತ್ತು ಹುಡುಗರು ಬಂದಿದ್ದರು. ಅವರಲ್ಲಿ ಹನ್ನೊಂದು ಜನ ಆಗಲೇ ಬಿಟ್ಟುಹೋಗಿದ್ದರು. ಉಳಿದ ಒಂಬತ್ತು ಜನವೂ ಹೋದರೆ ಗರಡಿಗೆ ಬೀಗ ಹಾಕಬೇಕು, ಆಮೇಲೆ ಊರಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ. ಈಗಿನ ಹುಡುಗರು ಬೆಣ್ಣೆ ಮುದ್ದೆಗಳು, ಇನ್ನಷ್ಟು ಬಿಗಿ ಮಾಡಿದರೆ ಮಾತ್ರ ನಿಲ್ಲುತ್ತಾರೆ ಎಂದು ಅವನು ತೀರ್ಮಾನಿಸಿ ಹೊಸ ನಿಯಮಗಳ ಪಟ್ಟಿಯೊಂದನ್ನು ಬರೆದು ತಂದಿದ್ದ. ಗುರುಗಳು ಹೂಂ ಎಂದರೆ ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದಷ್ಟೇ ಬಾಕಿ.

ಉಸ್ತಾದರು ಕನ್ನಡಕ ಏರಿಸಿ ಪಟ್ಟಿಯನ್ನು ಓದಿದರು. ಐನೂರು ದಂಡ, ಸಾವಿರ ಬಸ್ಕಿ, ಕಲ್ಲಿನ ಗುಂಡು ಹೊತ್ತು ಮೈದಾನಕ್ಕೆ ಇಪ್ಪತ್ತು ಸುತ್ತು. ಎಲ್ಲಕ್ಕಿಂತ ಮೇಲೆ ಕೆಂಪು ಶಾಯಿಯಲ್ಲಿ ಒಂದು ಸಾಲಿತ್ತು: ಸಾಮು ಮುಗಿಯುವ ತನಕ ಯಾರೂ ಕೂರಕೂಡದು. ಉಸ್ತಾದರು ಕಾಗದವನ್ನು ಮಡಿಸಿ ತೊಡೆಯ ಕೆಳಗೆ ಇಟ್ಟುಕೊಂಡರು. ಸೊಂಟ, ಹೆಗಲು ಹಿಡಿದುಕೊಂಡವರಿಗೆ ಎಣ್ಣೆ ನೀವಿ ಸರಿಮಾಡುವುದೂ ಅವರ ಕಸುಬು. ಹಾಗೆ ಬಂದಿದ್ದ ಒಂದು ಸೊಂಟ ತಮಗೆ ಕಲಿಸಿದ ಕತೆ ಇದು ಎಂದು ಹೇಳಿ ಅವರು ಶುರು ಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಊದುಬತ್ತಿಯ ವ್ಯಾಪಾರ. ಮನುಷ್ಯ ಒಳ್ಳೆಯವನೇ, ಆದರೆ ಗಾಲ್ಫ್ ಆಟದ ಹುಚ್ಚು ಹತ್ತಿತ್ತು. ವಾರದಲ್ಲಿ ಮೂರು ಬೆಳಿಗ್ಗೆ ಬೆಟ್ಟದ ಕಡೆಯ ಮೈದಾನಕ್ಕೆ ಹೋಗಿ, ಕೋಳಿಮೊಟ್ಟೆಗಿಂತ ಚಿಕ್ಕ ಚೆಂಡೊಂದನ್ನು ಕೋಲಿನಿಂದ ಹೊಡೆಯುತ್ತ ಹದಿನೆಂಟು ಕುಳಿಗಳಿಗೆ ಬೀಳಿಸಿ ಬರುತ್ತಿದ್ದ. ಹತ್ತಿರದ ಹೊಡೆತಕ್ಕೆ ಒಂದು ಕೋಲು, ದೂರದ್ದಕ್ಕೆ ಇನ್ನೊಂದು, ಮರಳಿನಿಂದ ಎಬ್ಬಿಸಲು ಮತ್ತೊಂದು. ಹೀಗೆ ಹದಿನಾಲ್ಕು ಕೋಲು. ಅವನ್ನೆಲ್ಲ ತುಂಬಿಕೊಳ್ಳಲು ಉದ್ದನೆಯ ಚೀಲ ಬೇಕು. ಗರಡಿಯಲ್ಲಿ ಅವರವರ ಗದೆಯನ್ನು ಅವರವರೇ ಎತ್ತುತ್ತಾರೆ. ಆ ಆಟದಲ್ಲಿ ಹಾಗಲ್ಲ. ಚೀಲ ಕೊಳ್ಳುವವನು ಅದನ್ನು ಹೊರುವುದಿಲ್ಲ, ಹೊರುವವನು ಕೊಳ್ಳುವುದಿಲ್ಲ. ಹೊರುವವನಿಗೆ ಕ್ಯಾಡಿ ಎನ್ನುತ್ತಾರೆ.

ಈ ವ್ಯಾಪಾರಿಯ ಕ್ಯಾಡಿಯ ಹೆಸರು ಮರಿಸಿದ್ದ. ಇಪ್ಪತ್ತೆರಡು ವರ್ಷದಿಂದ ಇವನ ಚೀಲವನ್ನೇ ಹೊತ್ತವನು. ವ್ಯಾಪಾರಿ ಬಾಯಿ ತೆರೆಯುವ ಮೊದಲೇ ಬೇಕಾದ ಕೋಲು ಅವನ ಕೈಯಲ್ಲಿರುತ್ತಿತ್ತು. ಗಾಳಿ ಯಾವ ಕಡೆಯದು, ಚೆಂಡು ಎಲ್ಲಿ ಬಿತ್ತು, ಯಜಮಾನನಿಗೆ ಇವತ್ತು ಯಾರ ಮೇಲೆ ಸಿಟ್ಟು, ಎಲ್ಲ ಅವನಿಗೆ ಗೊತ್ತು. ಆಟ ವ್ಯಾಪಾರಿಯದಾದರೂ ಅರ್ಧ ಬುದ್ಧಿ ಮರಿಸಿದ್ದನದು ಎಂದು ಕ್ಲಬ್ಬಿನವರೇ ಹೇಳುತ್ತಿದ್ದರು.

ಅವರ ಹಳೆಯ ಚೀಲ ಕಾಲುಳ್ಳ ಚೀಲ. ನೆಲಕ್ಕೆ ಊರಿ ಸ್ವಲ್ಪ ಬಾಗಿಸಿದರೆ, ಕರು ಮುಂಗಾಲು ಚಾಚಿದ ಹಾಗೆ ಎರಡು ಕಾಲು ತಾವಾಗಿ ಹೊರಗೆ ಚಾಚಿ ಚೀಲ ನಿಂತುಬಿಡುತ್ತದೆ. ಎತ್ತಿದರೆ ಕಾಲು ಮತ್ತೆ ಒಳಗೆ. ಆ ಚೀಲ ಬಹಳ ವರ್ಷ ದುಡಿದು ಕೊನೆಗೆ ತಳ ಹರಿದುಕೊಂಡಿತು. ವ್ಯಾಪಾರಿ ಹೊಸದನ್ನು ತರಲು ಹೋದ.

ಅಂಗಡಿಯವನು ದೊಡ್ಡ ಗಿರಾಕಿ ಬಂದನೆಂದು ಕುರ್ಚಿ ಹಾಕಿ ಕಾಫಿ ತರಿಸಿದ. ವ್ಯಾಪಾರಿ ಕೂತ. ಅವನ ಮುಂದೆ ಒಂದಾದ ಮೇಲೊಂದು ಚೀಲಗಳು ಬಂದು ನಿಂತವು. ಅದರಲ್ಲೊಂದು ಮದುವಣಿಗನ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಮೈಯೆಲ್ಲ ಕಪ್ಪು, ಅಂಚಿಗೆ ಚಿನ್ನದ ಬಣ್ಣ, ಜೇಬುಗಳು ಎಣಿಸಿದಷ್ಟೂ ಇದ್ದವು. ಅದಕ್ಕೂ ಕಾಲಿದ್ದವು. ನುಣುಪು ನೆಲದ ಮೇಲೆ ಗತ್ತಿನಿಂದ ನಿಂತಿತ್ತು. ಅಂಗಡಿಯವನು ಅದನ್ನು ಎರಡೇ ಬೆರಳಿನಲ್ಲಿ ಎತ್ತಿ ತೋರಿಸಿದ. ಖಾಲಿ ಚೀಲವನ್ನು ಯಾರು ಬೇಕಾದರೂ ಎತ್ತುತ್ತಾರೆ. ವ್ಯಾಪಾರಿ ಕಾಫಿ ಮುಗಿಸುವಷ್ಟರಲ್ಲಿ ಮನಸ್ಸು ಮಾಡಿದ್ದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಅವನಿಗೆ ಗೊತ್ತಿಲ್ಲದ ಮಾತೇನಲ್ಲ, ಆದರೆ ಇದು ಕಪ್ಪಗಿತ್ತಲ್ಲ.

ಮೈದಾನಕ್ಕೆ ಹೋದ ಮೊದಲ ದಿನವೇ ಚೀಲ ತನ್ನ ಗುಣ ತೋರಿಸಿತು. ಇಳಿಜಾರಿನಲ್ಲಿ ಇಟ್ಟರೆ ಅದರ ಸಣ್ಣ ಕಾಲು ಜಾರಿ ಧಡಾರನೆ ಬೀಳುತ್ತಿತ್ತು. ಕೋಲುಗಳು ಚೆಲ್ಲಾಪಿಲ್ಲಿ. ಅದೂ ಯಾರೋ ಉಸಿರು ಬಿಗಿಹಿಡಿದು ಚೆಂಡು ಹೊಡೆಯುವ ಹೊತ್ತಿಗೇ ಸರಿಯಾಗಿ. ಇಲ್ಲಿ ನೆಲ ಓರೆಯಾಗಿದೆ, ಚೀಲ ನಿಲ್ಲುತ್ತಿಲ್ಲ ಎಂದು ಮರಿಸಿದ್ದ ಒಂದು ಸಲ ಮೆಲ್ಲಗೆ ಹೇಳಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ವ್ಯಾಪಾರಿ ನಕ್ಕ. ಜೊತೆಯವರೂ ನಕ್ಕರು. ಮರಿಸಿದ್ದ ಮತ್ತೆ ಆ ಮಾತೆತ್ತಲಿಲ್ಲ.

ಅಂದಿನಿಂದ ಅವನು ಚೀಲವನ್ನು ನಿಲ್ಲಿಸುವುದನ್ನೇ ಬಿಟ್ಟ. ಹುಲ್ಲಿನ ಮೇಲೆ ಮಲಗಿಸುತ್ತಿದ್ದ. ಮಲಗಿಸಿದ್ದನ್ನು ಪ್ರತಿ ಸಲವೂ ನೆಲದ ತನಕ ಬಗ್ಗಿ ಎತ್ತಬೇಕು. ಹೆಗಲಿಗೆ ಇದ್ದದ್ದು ಒಂದೇ ಪಟ್ಟಿ, ಆದ್ದರಿಂದ ಭಾರವೆಲ್ಲ ಒಂದೇ ಕಡೆ. ಇಬ್ಬನಿಯಲ್ಲಿ ಮಲಗಿದ ಚೀಲ ನೀರು ಕುಡಿದು ಇನ್ನಷ್ಟು ತೂಗುತ್ತಿತ್ತು. ಆರು ವಾರದಲ್ಲಿ ಮರಿಸಿದ್ದನ ನಡಿಗೆ ಬದಲಾಯಿತು. ವ್ಯಾಪಾರಿ ಚೆಂಡಿನ ಹತ್ತಿರ ಬಂದು ನಿಂತರೂ ಅವನು ಇನ್ನೂ ಹಿಂದೆ ಕಾಲೆಳೆಯುತ್ತ ಬರುತ್ತಿದ್ದ.

ವ್ಯಾಪಾರಿ ಒಂದೆರಡು ವಾರ ತಾಳಿಕೊಂಡ. ಆಮೇಲೆ, ಪಾಪ, ವಯಸ್ಸಾಯಿತು ಎಂದುಕೊಂಡ. ಬರುವ ತಿಂಗಳಿಂದ ತನಗೆ ಬೇರೆ ಆಳು ಕೊಡಿ ಎಂದು ಕ್ಯಾಡಿಗಳ ಮೇಸ್ತ್ರಿಗೆ ಹೇಳಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ. ಆ ಸುದ್ದಿ ಮರಿಸಿದ್ದನಿಗೆ ಯಜಮಾನನ ಬಾಯಿಂದ ಬರಲಿಲ್ಲ, ಬೇರೆಯವರಿಂದ ಬಂತು. ಅವತ್ತೇ ಅವನು ಸೊಂಟ ಹಿಡಿದುಕೊಂಡು ಈ ಗರಡಿಗೆ ಬಂದ. ಎಣ್ಣೆ ನೀವುವಾಗ ಸೊಂಟದ ನೋವಿಗೆ ಅವನು ಹಲ್ಲು ಕಚ್ಚಿದ್ದ. ಆ ಸುದ್ದಿ ಹೇಳುವಾಗ ಮಾತ್ರ ಕಣ್ಣಲ್ಲಿ ನೀರು ಬಂತು. ಎರಡು ದಿನ ಅಲ್ಲಾಡದೆ ಮಲಗಬೇಕೆಂದು ಹೇಳಿ ಕಳಿಸಿದ್ದಾಯಿತು.

ಮಾರನೆಯ ಬೆಳಿಗ್ಗೆ ಒಬ್ಬ ಕ್ಯಾಡಿಯ ಮಗಳ ಮದುವೆ. ಹೊರುವವರೆಲ್ಲ ಛತ್ರದಲ್ಲಿದ್ದರು. ಆಡಲು ಬಂದವರು ಇದು ಗೊತ್ತಾಗಿ ಒಬ್ಬೊಬ್ಬರಾಗಿ ಮನೆಗೆ ಹಿಂದಿರುಗಿದರು. ಈ ವ್ಯಾಪಾರಿಗೆ ಕೈ ಕಡಿಯುತ್ತಿತ್ತು. ಒಂದು ದಿನ ನಾನೇ ಹೊತ್ತರೆ ಏನಾಯಿತು ಎಂದು ಚೀಲವನ್ನು ಹೆಗಲಿಗೇರಿಸಿದ.

ಮೊದಲನೆಯ ಕುಳಿಯ ತನಕ ಹುರುಪಿತ್ತು. ಎರಡನೆಯದರ ಹತ್ತಿರ ಇಳಿಜಾರು. ಚೀಲ ಇಟ್ಟ, ಅದು ಬಿತ್ತು. ಮತ್ತೆ ನಿಲ್ಲಿಸಿದ, ಮತ್ತೆ ಬಿತ್ತು. ಮೂರನೆಯದಕ್ಕೆ ಅವನೂ ಅದನ್ನು ಹುಲ್ಲಿನ ಮೇಲೆ ಮಲಗಿಸಿದ. ಬಗ್ಗಿ ಎತ್ತಿದ, ಹತ್ತು ಹೆಜ್ಜೆ ನಡೆದ, ಇಳಿಸಿದ, ಹೊಡೆದ, ಮತ್ತೆ ಬಗ್ಗಿ ಎತ್ತಿದ. ಆರನೆಯ ಕುಳಿಗೆ ಬರುವಷ್ಟರಲ್ಲಿ ಚೆಂಡಿನ ಲೆಕ್ಕ ಮರೆತುಹೋಗಿತ್ತು, ಬಗ್ಗಿದ ಲೆಕ್ಕ ಮಾತ್ರ ನೆನಪಿತ್ತು.

ಹನ್ನೊಂದನೆಯದರ ಹತ್ತಿರ ಅವನು ಸುಮ್ಮನೆ ನೆಲ ನೋಡಿದ. ಬೆಳಗಿನ ಬಿಸಿಲು ಬೆನ್ನಿಗಿತ್ತು. ಎದುರಿಗೆ ಹುಲ್ಲಿನ ಮೇಲೆ ಒಂದು ನೆರಳು ನಡೆಯುತ್ತಿತ್ತು. ಎಡ ಹೆಗಲು ಇಳಿದಿತ್ತು, ಒಂದು ಕೈ ಸೊಂಟದ ಮೇಲಿತ್ತು, ಕಾಲು ಎಳೆಯುತ್ತಿತ್ತು. ಇಷ್ಟು ದಿನ ತನ್ನ ಹಿಂದೆ ಬರುತ್ತಿದ್ದ ಮರಿಸಿದ್ದನೇ ಎಂದು ಒಂದು ಕ್ಷಣ ಅವನಿಗೆ ಅನ್ನಿಸಿತು. ನೋಡಿದರೆ ಅದು ಅವನದೇ ನೆರಳು. ತಾನು ಆಡಿದ ಗಾದೆ ನೆನಪಾಯಿತು. ಜಗತ್ತಿನಲ್ಲಿ ಬೇರೆಲ್ಲಿ ಹೇಗೋ ಏನೋ, ಆ ಮೈದಾನದಲ್ಲಂತೂ ನೆಲ ನಿಜವಾಗಿಯೂ ಡೊಂಕು. ಅವನಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

ಅಲ್ಲಿಂದ ಚೀಲ ಬಿಸಾಕಿ ಹೋಗಬಹುದಿತ್ತು. ಹೋಗಲಿಲ್ಲ. ಈ ಮನುಷ್ಯನ ದೊಡ್ಡತನ ಇಲ್ಲೇ ಇರುವುದು. ಹದಿನೆಂಟು ಕುಳಿಯನ್ನೂ ಹೊತ್ತೇ ಮುಗಿಸಿದ. ಮರಿಸಿದ್ದ ದಿನಕ್ಕೆ ಎಷ್ಟು ಸಲ ಬಗ್ಗುತ್ತಾನೆ ಎಂಬುದು ಅವನಿಗೆ ಪೂರ್ತಿ ಗೊತ್ತಾಗಬೇಕಿತ್ತು. ಎಪ್ಪತ್ತೆಂಟು ಸಲ. ನೇರವಾಗಿ ಮೇಸ್ತ್ರಿಯ ಬಳಿ ಹೋಗಿ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡ. ಸಂಜೆ ಮರಿಸಿದ್ದನ ಮನೆಗೆ ಹೋಗಿ, ತಪ್ಪು ನನ್ನದು ಎಂದು ಹೆಂಡತಿ ಮಕ್ಕಳ ಎದುರಿಗೇ ಹೇಳಿದ.

ವಾರ ಕಳೆದು ಮರಿಸಿದ್ದನ ಸೊಂಟ ನೆಟ್ಟಗಾದ ಮೇಲೆ ಇಬ್ಬರೂ ಅಂಗಡಿಗೆ ಹೋದರು. ಅಂಗಡಿಯವನು ಕುರ್ಚಿ ತಂದ. ವ್ಯಾಪಾರಿ ಕೂರಲಿಲ್ಲ. ಮರಿಸಿದ್ದ ಬಾಗಿಲಲ್ಲೇ ಸಂಕೋಚದಿಂದ ನಿಂತು, ನಿಮ್ಮ ಬ್ಯಾಗು, ನೀವೇ ನೋಡಿ ಎಂದ.

"ಬ್ಯಾಗು ನಂದು, ಹೆಗಲು ನಿಂದು. ನೀನೇ ಆರಿಸು," ಎಂದ ವ್ಯಾಪಾರಿ.

ಮರಿಸಿದ್ದ ಆರಿಸಿದ್ದನ್ನು ನೋಡಲು ಪುಣ್ಯ ಬೇಕಿತ್ತು. ಅವನು ಬರುವಾಗಲೇ ಯಜಮಾನನ ಹದಿನಾಲ್ಕು ಕೋಲು, ಒಂದು ಛತ್ರಿ, ಎರಡು ಬಾಟಲಿ ನೀರು, ಒಂದು ಒದ್ದೆ ಟವೆಲ್ಲು ತಂದಿದ್ದ. ಅಷ್ಟನ್ನೂ ಪ್ರತಿಯೊಂದು ಚೀಲಕ್ಕೂ ತುಂಬಿದ. ತುಂಬಿದ ಚೀಲವನ್ನು ಅಂಗಡಿಯ ನುಣುಪು ನೆಲದ ಮೇಲೆ ಇಡಲಿಲ್ಲ. ಹೊರಗೆ ಸ್ಕೂಟರ್ ಹತ್ತಿಸಲು ಕಟ್ಟಿದ ಇಳಿಜಾರಿತ್ತು, ಅದರ ಮೇಲೆ ಇಟ್ಟ. ಒಂದು ಬಿತ್ತು. ಇನ್ನೊಂದು ನಿಂತಿತು, ಆದರೆ ಎತ್ತಿದಾಗ ಅದರ ಒಂದು ಕಾಲು ಒಳಗೆ ಹೋಗದೆ ಸಿಕ್ಕಿಕೊಂಡಿತು. ಮತ್ತೊಂದರಲ್ಲಿ ಕೋಲುಗಳು ಒಂದಕ್ಕೊಂದು ಹೆಣೆದುಕೊಂಡು ಎಳೆದರೆ ಬರಲಿಲ್ಲ. ದಾರಿಹೋಕರು ನಿಂತು ನೋಡತೊಡಗಿದರು. ಅಂಗಡಿಯವನ ಮುಖ ಸಪ್ಪಗಾಯಿತು.

ಕೊನೆಗೆ ಮೂಲೆಯಲ್ಲಿದ್ದ, ಮಣ್ಣಿನ ಬಣ್ಣದ, ಯಾರೂ ತಿರುಗಿ ನೋಡದ ಒಂದು ಚೀಲವನ್ನು ಎಳೆದ. ತುಂಬಿದ, ಇಳಿಜಾರಿನಲ್ಲಿ ಇಟ್ಟ. ಕಾಲು ಉದ್ದಕ್ಕೆ ಚಾಚಿ, ಅಗಲವಾದ ರಬ್ಬರಿನ ಪಾದ ಊರಿ ಅದು ನಿಂತಿತು. ಎತ್ತಿದ, ಇಟ್ಟ, ಎತ್ತಿದ, ಇಟ್ಟ. ಎಪ್ಪತ್ತೆಂಟು ಸಲ ಹಾಗೆ ಮಾಡಿದ. ವ್ಯಾಪಾರಿ ಪಕ್ಕದಲ್ಲಿ ನಿಂತು ಎಣಿಸಿದ. ಆಮೇಲೆ ಮರಿಸಿದ್ದ ಕಾಲಿನ ಕೀಲಿಗೆ ಕಿವಿ ಕೊಟ್ಟು ಸದ್ದು ಕೇಳಿದ. ಪಟ್ಟಿ ಚೀಲಕ್ಕೆ ಸೇರುವ ಕಡೆ ಹೊಲಿಗೆಯನ್ನು ಉಗುರಿನಿಂದ ಕೆದಕಿ ನೋಡಿದ. ನೆಲಕ್ಕೆ ಉಜ್ಜುವ ತಳವನ್ನು ಹೆಬ್ಬೆರಳಿನಿಂದ ಒತ್ತಿದ. ಜೇಬಿನಲ್ಲಿ ತನ್ನ ಕರವಸ್ತ್ರ ಇಟ್ಟು, ಜಿಪ್ ಎಳೆದು, ಮೇಲೆ ಬಾಟಲಿಯ ನೀರು ಸುರಿದ. ಕರವಸ್ತ್ರ ಒಣಗಿಯೇ ಇತ್ತು. ಎರಡು ಹೆಗಲಿಗೂ ಪಟ್ಟಿ ಏರಿಸಿ ಬೀದಿಯ ತುದಿಯ ತನಕ ನಡೆದುಹೋಗಿ ಬಂದ.

ತಮ್ಮ ಅಂತಸ್ತಿಗೆ ಇದು ಹೇಳಿಸಿದ್ದಲ್ಲ ಎಂದು ಅಂಗಡಿಯವನು ವ್ಯಾಪಾರಿಯ ಕಿವಿಯಲ್ಲಿ ಹೇಳಿದ. ವ್ಯಾಪಾರಿ ಅವನಿಗೆ ಉತ್ತರ ಕೊಡದೆ, ಇದೇ ಯಾಕೆ ಎಂದು ಮರಿಸಿದ್ದನನ್ನು ಕೇಳಿದ.

"ಹೊರೋಕೆ ಹೆಗಲು ಅದೆ ಯಜಮಾನ್ರೇ. ಇಳ್ಸಿದಾಗ ತಾನಾಗಿ ನಿಂತ್ಕೊಳೋ ಬ್ಯಾಗು ಬೇಕು. ಅದು ನಿಂತ್ರೆ ನಾನೂ ನಿಲ್ತೀನಿ."

ಆ ಚೀಲ ಒಂಬತ್ತು ವರ್ಷ ಬಾಳಿತು. ತಳಕ್ಕೆ ಒಂದು ತೇಪೆ ಬಿತ್ತು, ಒಂದು ಕಾಲಿನ ಸ್ಪ್ರಿಂಗ್ ಬದಲಾಯಿತು, ಅಷ್ಟೇ. ಮರಿಸಿದ್ದನೂ ಒಂಬತ್ತು ವರ್ಷ ಅದನ್ನು ಹೊತ್ತ, ಸಾಕು ಎಂದು ತನಗೇ ಅನ್ನಿಸಿದ ದಿನ ಬಿಟ್ಟ. ಬೇರೆ ಆಟಗಾರರು ಚೀಲ ಕೊಳ್ಳುವಾಗ ತಮ್ಮ ಕ್ಯಾಡಿಯನ್ನು ಕರೆದುಕೊಂಡು ಹೋಗುವುದು ಅಲ್ಲಿಂದ ಶುರುವಾಯಿತು. ಮಿಂಚುವ ಆ ಕಪ್ಪು ಚೀಲವನ್ನು ವ್ಯಾಪಾರಿ ಊದುಬತ್ತಿಯ ಅಂಗಡಿಯಲ್ಲಿ ಗಿರಾಕಿಗಳ ಛತ್ರಿ ಇಡಲು ಇಟ್ಟುಕೊಂಡ. ಅಲ್ಲಿ ನೆಲ ಸಮವಾಗಿತ್ತು, ಚೆನ್ನಾಗಿಯೇ ನಿಂತಿತ್ತು.

ಉಸ್ತಾದರು ಕತೆ ನಿಲ್ಲಿಸಿ ಎಲೆಗೆ ಸುಣ್ಣ ಹಚ್ಚಿದರು. ಚೌಡನಾಯಕನಿಗೆ ಕತೆ ಹಿಡಿಸಿತ್ತು. ವ್ಯಾಪಾರಿ ದೊಡ್ಡ ಮನುಷ್ಯ, ಮರಿಸಿದ್ದ ಅವನಿಗಿಂತ ಒಂದು ಕೈ ಮೇಲು ಎಂದು ಮನಸಾರೆ ಹೊಗಳಿದ. ಆದರೆ ತಾನು ಕೇಳಿದ್ದು ಹುಡುಗರ ವಿಷಯ, ಗರಡಿಯಲ್ಲಿ ಇನ್ನು ಒಂಬತ್ತೇ ಜನ ಉಳಿದಿದ್ದಾರೆ, ಗುರುಗಳು ಪಟ್ಟಿಗೆ ಒಪ್ಪಿಗೆ ಕೊಟ್ಟರೆ ನಾಳೆಯೇ ಗೋಡೆಗೆ ಹಾಕುತ್ತೇನೆ ಎಂದು ಕೈ ಚಾಚಿದ.

ಉಸ್ತಾದರು ತೊಡೆಯ ಕೆಳಗಿನಿಂದ ಕಾಗದ ತೆಗೆದು, ಮಡಿಕೆ ಬಿಡಿಸಿ, ಕೆಂಪು ಸಾಲು ಮೇಲೆ ಬರುವಂತೆ ಅವನ ಅಂಗೈಯಲ್ಲಿ ಇಟ್ಟರು.

"ಇದ್ನ ಬರೀವಾಗ ನೀನು ನಿಂತಿದ್ಯೋ, ಕೂತಿದ್ಯೋ?"

ಚೌಡನಾಯಕ ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟು, ಗರಡಿಯ ಮೂಲೆಯಲ್ಲಿದ್ದ ಕಲ್ಲಿನ ಗುಂಡನ್ನು ತನ್ನ ಹೆಗಲಿಗೇ ಏರಿಸಿಕೊಂಡ.